ತುಳಿದ ದಾರಿ

ಎಲ್ಲರೂ ಹತ್ತುವ ಗುಡ್ಡ ಬೇಡ ಅಂದೆ.
ಅದರ ತುದಿಯಲ್ಲಿ ಚಪ್ಪರವಿದೆ, ಟಿಕೆಟ್ಟಿದೆ,
ಸೂರ್ಯೋದಯಕ್ಕೆ ಮೊಣಕೈಗೆ ಮೊಣಕೈ ತಾಗುವ ಸಾಲು.
ದೋಣಿಕಟ್ಟೆಯ ಹುಡುಗ ತಲೆ ಕೆರೆದುಕೊಂಡು
ಹೊಳೆಯಾಚೆ ಕೈ ತೋರಿಸಿದ:
ಫಾ ಲೋಮ್. ಗಾಳಿಬಂಡೆ.
ಬುವಾಫನ್ ಒಬ್ಬಳೇ ಹೋಗುತ್ತಾಳೆ ಅಲ್ಲಿಗೆ, ಕಳಲೆಗೆ.

ಉತ್ತರ ಲಾವೋಸ್. ನಾಮ್ ಊ ಹೊಳೆ.
ಬೆನ್ನ ಮೇಲೆ ಹನ್ನೊಂದು ಕಿಲೋ ಸಂಸಾರ,
ಹೊಟ್ಟೆಯಲ್ಲಿ ನಿನ್ನೆಯ ಪಪ್ಪಾಯಿ ಕೋಸಂಬರಿಯ ಉರಿ.
ನಲವತ್ತಮೂರಕ್ಕೆ ಒಬ್ಬಳೇ ಹೊರಟವಳಿಗೆ
ಯಾರೂ ತುಳಿಯದ ದಾರಿಯ ಚಪಲ.

ಅವಳದು ಪ್ಲಾಸ್ಟಿಕ್ ಚಪ್ಪಲಿ,
ಬೆನ್ನಿಗೆ ಬುಟ್ಟಿ, ಸೊಂಟಕ್ಕೆ ಕತ್ತಿ.
ನನ್ನ ಬೂಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
ಖೋಯ್ ಖೋಯ್ ಅಂದಳು.
ಮೆಲ್ಲಗೆ, ಮೆಲ್ಲಗೆ ಅಂತ ಅರ್ಥವಂತೆ.
ನನ್ನ ಕಿವಿಗೆ ಅದು ಕೊಯ್, ಕೊಯ್.
ಏನನ್ನು ಕೊಯ್ಯಲಿ ತಾಯಿ,
ಈ ಏರೇ ನನ್ನ ಉಸಿರು ಕೊಯ್ಯುತ್ತಿದೆ.

ಸುಣ್ಣಕಲ್ಲಿನ ಅಲಗು, ಜಿಗಣೆ, ಕಾಡುಬಾಳೆಯ ಹೂವು.
ನೇರ ಹೋದರೆ ಹತ್ತು ಮಾರು,
ಅವಳು ಸುತ್ತಿ ನಲವತ್ತು ಮಾಡುತ್ತಾಳೆ.
ದಪ್ಪ ಕಳಲೆಗಳು ಆಚೆ ತಲೆಯೆತ್ತಿ ನಿಂತಿದ್ದರೂ
ದಾರಿಯ ಮೇಲೆಯೇ ಬಾಗಿ
ಕೈಗೆಟಕಿದ ಸಣಕಲನ್ನಷ್ಟೇ ಕತ್ತರಿಸುತ್ತಾಳೆ.
ಸೋಮಾರಿ, ಅಂದುಕೊಂಡೆ.

ಅರ್ಧಕ್ಕೆ ಬಂದಾಗ ನನಗೆ ಅವಸರವಾಯಿತು.
ಅವಳು ಮುಂದಿದ್ದಳು; ಪೊದೆ ಪಕ್ಕದಲ್ಲೇ ಇತ್ತು.
ಒಂದು ಹೆಜ್ಜೆ. ಎರಡು.
ಮೂರನೆಯದು ಗಾಳಿಯಲ್ಲಿದ್ದಾಗ
ಬೆನ್ನಚೀಲದ ಪಟ್ಟಿ ಹಿಡಿದು
ಮೂಟೆಯನ್ನು ಎಳೆದ ಹಾಗೆ ಎಳೆದಳು ನನ್ನನ್ನು.
ಕೂಗಲಿಲ್ಲ.
ಕೂಗುವವರ ಮುಖ ಹಾಗಿರುವುದಿಲ್ಲ.

ಆಮೇಲೆ ಬೊಗಸೆಯನ್ನು ಕಿತ್ತಳೆಯಷ್ಟಾಗಿಸಿ
ಬೊಂಬಿ, ಅಂದಳು.
ಬೊಂಬೆ, ಅಂತ ಕೇಳಿಸಿತು ನನಗೆ.
ನಕ್ಕೆ ಕೂಡ.
ಅವಳು ನಗಲಿಲ್ಲ; ನೆಲ ತೋರಿಸಿದಳು,
ಆಕಾಶ ತೋರಿಸಿದಳು, ಮತ್ತೆ ನೆಲ.
ಬೆರಳುಗಳೆಲ್ಲ ಒಮ್ಮೆಗೇ ಅರಳಿದವು.

ನಾನು ಹುಟ್ಟುವ ಮೊದಲೇ ಮುಗಿದ ಯುದ್ಧ
ಈ ಎಲೆಗಳ ಕೆಳಗೆ ಇನ್ನೂ ಮಲಗಿದೆಯಂತೆ,
ಮಕ್ಕಳು ಎತ್ತಿಕೊಳ್ಳುವಷ್ಟು ದುಂಡಗೆ.

ನನ್ನ ಅವಸರ ಮಾತ್ರ ಹೋಗಿರಲಿಲ್ಲ.
ತಲೆಗೆ ಸುತ್ತಿದ್ದ ಚೌಕುಳಿ ಬಟ್ಟೆ ಬಿಚ್ಚಿ
ಎರಡೂ ಕೈಯಗಲಿಸಿ ಹಿಡಿದು
ಬೆನ್ನು ತಿರುಗಿಸಿ ನಿಂತಳು, ಏನೋ ಗುನುಗುತ್ತ.
ದೇಶ ಬಿಟ್ಟು ದೇಶಕ್ಕೆ ಬಂದು
ದಾರಿಯ ನಟ್ಟನಡುವೆ ಕುಕ್ಕರಿಸಿದೆ,
ಹೂವಿನ ಗಿಡಕ್ಕೆ ಹಾಕುವ ನೀರಿನಷ್ಟೇ ನಿರಾಳವಾಗಿ.

ತುದಿಯಲ್ಲಿ ಮೊದಲು ಏನೂ ಇರಲಿಲ್ಲ,
ಬರೀ ಮೋಡ.
ಗಾಳಿ ತನ್ನ ಬಂಡೆಯನ್ನು ಒರೆಸಿದ ಮೇಲೆ
ಹಲ್ಲುಹಲ್ಲಾಗಿ ಗುಡ್ಡಗಳು, ಸಪೂರ ಹೊಳೆ,
ಗದ್ದೆಯ ನಡುವೆ ಚಕ್ರಬಿಲ್ಲೆಯಂಥ ಕೊಳಗಳು,
ಕೈವಾರದಲ್ಲಿ ಗೀಚಿದಷ್ಟು ಗುಂಡಗೆ.
ಎಷ್ಟು ಚಂದ, ಅಂತ ಫೋನೆತ್ತಿದವಳ ಕೈ
ಗುಂಡಗಿದ್ದುದರಿಂದಲೇ ನಿಂತಿತು.

ಅವಳು ಎಣಿಸಿ ತೋರಿಸಿದಳು:
ಇದರಲ್ಲಿ ಮೀನು. ಅಂಗೈ ಬಾಲವಾಡಿತು.
ಇದರಲ್ಲಿ ಬಾತು. ಕ್ವಾಕ್ ಅಂದಳು, ನಾಚದೆ.
ಇದು ಅತ್ತೆಯದು, ಇದು ಶಾಲೆಯದು.
ಬೇಲಿ ಹಾಕಿದ ಒಂದಕ್ಕೆ ಬಂದಾಗ
ಏನೂ ಅನ್ನದೆ
ಬುಟ್ಟಿಯಿಂದ ಅಂಟನ್ನದ ಉಂಡೆ ತೆಗೆದು
ಮುರಿದು ಅರ್ಧ ಕೊಟ್ಟಳು.
ತಿಂದೆವು. ಉಪ್ಪಿತ್ತು, ಹೊಗೆ ವಾಸನೆ ಇತ್ತು.

ಇಳಿಯುವಾಗ ಅವಳು ಬಳಸಿದಲ್ಲಿ ಬಳಸಿದೆ,
ದಾಟಿದಲ್ಲಿ ದಾಟಿದೆ.
ಸವೆದ ಚಪ್ಪಲಿಯ ಗುರುತಿನೊಳಗೆ
ದುಬಾರಿ ಬೂಟನ್ನು ಒಂದೊಂದಾಗಿ ಇಟ್ಟೆ.
ಅಳತೆ ಹೆಚ್ಚಾಗಿತ್ತು; ಆದರೂ ತುದಿಗಾಲಲ್ಲಿ ಇಟ್ಟೆ.

ದೋಣಿಕಟ್ಟೆಯಲ್ಲಿ ಹುಡುಗ ಕೇಳಿದ, ಹೇಗಿತ್ತು?
ನಾನು ಬಾಯಿ ತೆರೆಯುವ ಮೊದಲೇ
ಬುವಾಫನ್ ಬುಟ್ಟಿ ಇಳಿಸಿ,
ಕುಕ್ಕರಗಾಲಲ್ಲಿ ಕೂತು, ನನ್ನ ಹಾಗೆ ಕಣ್ಣು ಮುಚ್ಚಿ
ಉಸ್ಸೆಂದಳು.

ಕಟ್ಟೆಗೆ ಕಟ್ಟೆಯೇ ನಕ್ಕಿತು.
ದೋಣಿಯಲ್ಲಿದ್ದ ಮುದುಕಿ ಹಲ್ಲಿಲ್ಲದೆ ನಕ್ಕಳು.